ದಿಂಡೋರಿ ರಸ್ತೆಯ ಆಂಬರ್ ಏಲ್

ನಾಲ್ಕು ಜನ ಒಂದೇ ಟ್ಯಾಂಕಿನ ಬಿಯರನ್ನು ರುಚಿ ನೋಡಿದೆವು. ಮೂವರು ಸಿಹಿ ಅಂದರು, ನಾನೊಬ್ಬ ಕಹಿ ಅಂದೆ. ಒಂದಿಷ್ಟು ಹೆಚ್ಚು, ಒಂದಿಷ್ಟು ಕಡಿಮೆ ಅನ್ನುವ ಜಗಳವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವರು ‘ಬರೀ ಸಿಹಿ, ಕೊನೆಗೆ ಏನೂ ಉಳಿಯುವುದಿಲ್ಲ’ ಎಂದು ಬರೆದುಕೊಟ್ಟಿದ್ದರು. ನನ್ನ ಗಂಟಲಿನಲ್ಲೋ ಬೇವಿನ ಕಷಾಯ ಕುಡಿದವನ ಹಾಗೆ ಕಹಿ ಕೂತುಬಿಟ್ಟಿತ್ತು, ಎರಡು ಲೋಟ ನೀರು ಕುಡಿದರೂ ಇಳಿಯಲೊಲ್ಲದು. ಒಂದೋ ಅವರಿಗೆ ತಲೆಕೆಟ್ಟಿದೆ, ಇಲ್ಲಾ ನನಗೆ ಕೆಟ್ಟಿದೆ ಅಂದುಕೊಂಡೆ.

ನಾನಾಗ ಔರಂಗಾಬಾದಿನ ಚಿಕಲಠಾಣಾ ಕಡೆಯ ಒಂದು ದೊಡ್ಡ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ಊರಿಗೆ ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ, ನಮ್ಮ ಬಾಯಲ್ಲಿ ಆಗಿನ್ನೂ ಔರಂಗಾಬಾದೇ. ನಮ್ಮದು ಲಾಗರ್ ಎಂಬ ಬಗೆಯ ಬಿಯರಿನ ಕಾರ್ಖಾನೆ. ತಿಳಿ ಬಂಗಾರದ ಬಣ್ಣ, ಯಾವ ವಾಸನೆಯೂ ಮುಂದೆ ಬರಬಾರದು, ಇವತ್ತಿನ ಬಾಟಲಿಗೂ ನಾಳಿನ ಬಾಟಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು. ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸ.

ನಾಶಿಕಕ್ಕೆ ನನ್ನನ್ನು ಕರೆಸಿದ್ದು ಗದಗ ಕಡೆಯ ಒಬ್ಬ ಗೆಳೆಯ. ನಾಶಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು.

“ಏನ್ರಿ ಬೀರಿನ ಡಾಕ್ಟರ್ರ, ನಮ್ಮ ಹುಡುಗೀದೊಂದು ಕೇಸ್ ಐತ್ರಿ” ಅಂದರು ಫೋನಿನಲ್ಲಿ. “ಆಕಿ ಬೀರ್ ಮಾಡ್ತಾಳ ಅಂತ ಊರಾಗ ಹೇಳಾಕ ಬರ್ತದೇನ್ರಿ? ಫುಡ್ ಟೆಕ್ನಾಲಜಿ ಅಂತ ಹೇಳಿ ಕೈ ತೊಳಕೊಂಡೀನಿ. ಆದ್ರ ಈ ಕೆಲಸ ಹೋತಂದ್ರ ಆಕಿ ತಡಕೊಳ್ಳೂದಿಲ್ರಿ. ಊಟ ಬಿಟ್ಟಾಳ. ಒಮ್ಮೆ ಬಂದು ನೋಡ್ರಿ.”

ಹುಡುಗಿ ಅಂದರೆ ಚಿಕ್ಕವಳಲ್ಲ, ಮೂವತ್ತರ ಹತ್ತಿರದವಳು. ದಿಂಡೋರಿ ರಸ್ತೆಯ ಒಂದು ವೈನ್ ಕಾರ್ಖಾನೆಯಲ್ಲಿ ಕೆಲಸ ಕಲಿತವಳು. ಅದರ ಮಾಲೀಕರು ಹೊಸ ಉಮೇದಿನಲ್ಲಿ ವೈನ್ ಶೆಡ್ಡಿನ ಪಕ್ಕದಲ್ಲೇ ಸಣ್ಣದೊಂದು ಬಿಯರ್ ಘಟಕ ಹಾಕಿ ಇವಳ ಕೈಗೆ ಕೊಟ್ಟಿದ್ದರು. ಇವಳು ಮಾಡಿದ್ದು ಆಂಬರ್ ಏಲ್ ಎಂಬ ಇನ್ನೊಂದು ಬಗೆಯ ಬಿಯರು. ಹಾಲು ಹಾಕದ ಚಹಾದ ಬಣ್ಣ, ಹುರಿದ ಮಾಲ್ಟಿನಿಂದ ಬರುವ ಕಾಕಂಬಿಯಂಥ ಸಿಹಿ, ಅದನ್ನು ಹಿಡಿದು ನಿಲ್ಲಿಸಲು ಹಾಪ್ಸ್ ಎಂಬ ಹೂವಿನ ಕಹಿ. ಈ ಸಿಹಿ ಕಹಿಗಳ ತೂಕ ತಪ್ಪಿದರೆ ಏಲ್ ಕೆಟ್ಟ ಹಾಗೆಯೇ.

ಮೊದಲ ಸಲ ಮಾಡಿದ್ದನ್ನು ವೈನ್ ಕಾರ್ಖಾನೆಯ ರುಚಿ ನೋಡುವ ತಂಡದ ಮುಂದಿಟ್ಟಳು. ‘ಸಿಹಿ, ಕೊನೆಯಿಲ್ಲ’ ಅಂದರು. ಅದನ್ನು ಮೋರಿಗೆ ಬಿಟ್ಟು, ಹಾಪ್ಸ್ ಹೆಚ್ಚಿಸಿ ಎರಡನೆಯದನ್ನು ಮಾಡಿದಳು. ಅದನ್ನು ತಂಡ ಹೂಂ ಎಂದೂ ಅನ್ನದೆ ಊಹೂಂ ಎಂದೂ ಅನ್ನದೆ ಕಳಿಸಿತು. ಘೋಟಿಯ ಹೆದ್ದಾರಿ ಹೋಟೆಲುಗಳಿಗೆ ಪೀಪಾಯಿಗಳು ಹೋದವು, ಅರ್ಧಕ್ಕರ್ಧ ವಾಪಸ್ಸೂ ಬಂದವು. ಮಂದಿ ಅರ್ಧ ಗ್ಲಾಸು ಬಿಟ್ಟು ಏಳುತ್ತಾರೆ ಅಂದರೇ ಹೊರತು ಹೋಟೆಲಿನವರು ಕಾರಣ ಹೇಳಲಿಲ್ಲ. ‘ಸಿಹಿ ಜಾಸ್ತಿ, ಅದಕ್ಕೇ ಬಿಡುತ್ತಾರೆ’ ಅಂತ ತಂಡ ಹೇಳಿತು. ಇವಳು ಮತ್ತೂ ಹಾಪ್ಸ್ ಸುರಿದಳು. ನಾನು ರುಚಿ ನೋಡಿದ್ದು ಆ ಮೂರನೆಯದನ್ನು. ಇದೂ ಹೋದರೆ ಬಿಯರ್ ಟ್ಯಾಂಕುಗಳಲ್ಲಿ ವೈನ್ ತುಂಬುತ್ತೇನೆ, ನೀನು ಬಾಟಲಿ ತುಂಬುವ ಸಾಲಿಗೆ ವಾಪಸ್ಸು ಹೋಗು ಅಂತ ಮಾಲೀಕರು ಖಡಕ್ಕಾಗಿ ಹೇಳಿಬಿಟ್ಟಿದ್ದರು.

ರುಚಿ ನೋಡುವ ಕೋಣೆ ಪದ್ಧತಿಯ ಪ್ರಕಾರವೇ ಇತ್ತು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದ ಹಾಗೆ ಪ್ಲೈವುಡ್ ಅಡ್ಡಗೋಡೆ, ಪ್ರತಿಯೊಬ್ಬರಿಗೂ ಒಂದು ಬೇಸಿನ್ನು, ಒಂದು ನಲ್ಲಿ, ಬಣ್ಣ ನೋಡಿ ಮೋಸಹೋಗದಿರಲಿ ಎಂದು ಮೇಲೆ ಕೆಂಪು ಬಲ್ಬು. ಹೊರಗೆ ಶೀತಕ ಯಂತ್ರದ ಗುಂಯ್ ಸದ್ದು. ಒಬ್ಬರ ಮುಖದ ಕಿವುಚು ಇನ್ನೊಬ್ಬರ ಅಭಿಪ್ರಾಯ ಕೆಡಿಸುತ್ತದೆ ಎಂದು ಈ ಅಡ್ಡಗೋಡೆ. ನಮ್ಮಲ್ಲೂ ಹಾಗೇ ಮಾಡುತ್ತೇವೆ.

ತಂಡದ ಹಿರಿಯರು ನಾಶಿಕದ ವೈನಿನವರೆಲ್ಲ ಕೈಮುಗಿಯುವ ಮೂಗು. ಕೊರಳಲ್ಲಿ ತುಳಸಿಮಾಲೆ, ಹಣೆಗೆ ಬುಕ್ಕಿಟ್ಟು, ಬಿಳಿ ಟೋಪಿ. ಪಂಢರಪುರದ ವಾರಿಗೆ, ಅಂದರೆ ಪಾದಯಾತ್ರೆಗೆ, ತಪ್ಪದೆ ಹೋಗುವ ಮಾಳಕರಿ. ಮಾಲೆ ಹಾಕಿಕೊಂಡವರು ಮಾಂಸ ಮದ್ಯ ಮುಟ್ಟುವ ಹಾಗಿಲ್ಲ. ಇವರ ಹೊಟ್ಟೆಪಾಡೇ ವೈನು! ನನಗೆ ಒಳಗೊಳಗೇ ನಗು ಬಂತು. ಇರಲಿ, ಅವರವರ ಪಾಂಡುರಂಗ ಅವರವರಿಗೆ ಎಂದು ಸುಮ್ಮನಾದೆ. ಉಳಿದ ಇಬ್ಬರು ಅವರ ಕೈಯಲ್ಲೇ ತಯಾರಾದವರು. ನಮ್ಮ ಹುಡುಗಿಯೂ ಅವರ ಶಿಷ್ಯೆಯೇ.

ಅವತ್ತು ಸಂಜೆ ಓಝರಿನ ಗೆಳೆಯರ ಮನೆಯಲ್ಲಿ ರೊಟ್ಟಿ ಮುರಿಯುತ್ತ ಕೇಳಿದೆ, “ಮಗಳ, ನಿನ್ನ ಬಾಯಿಗೆ ಹೆಂಗ ಅನಸ್ತದ?”

“ಸರ್‌ಗೆ ಅನಸ್ದಂಗs ಅನಸ್ತದ ಕಾಕಾ. ಸಿಹಿ ಅದ. ಪಣ್ ನೀವು ಕಹಿ ಅಂತೀರಿ. ಕಾಯ್ ಚಾಲ್ಲಯ್ ತೇಚ್ ಕಳತ್ ನಾಹಿ.” ಏನು ನಡೆದಿದೆ ಅಂತಲೇ ತಿಳಿಯುತ್ತಿಲ್ಲ ಅಂತ ಅವಳ ಮರಾಠಿ. ಕನ್ನಡ ಅವಳಿಗೆ ಮನೆಯ ಹೊಸ್ತಿಲವರೆಗೆ ಮಾತ್ರ, ಗಾಬರಿಯಾದರೆ ಅದೂ ಕೈಕೊಡುತ್ತಿತ್ತು.

“ನಾ ಮಧ್ಯಾಹ್ನ ಕುಂತು ಹತ್ತು ಸರ್ತಿ ನೋಡೀನಿ ಕಾಕಾ. ನನ್ನ ಜೀಬನs ಖರಾಬ್ ಆಗ್ಯದ ಕಾಯ್?”

ಆಗಲೇ ನನಗೂ ನನ್ನ ನಾಲಿಗೆಯ ಮೇಲೆ ಅಂಥದ್ದೇ ಅನುಮಾನ ಹತ್ತಿಕೊಂಡಿತು. ಆ ತಿಂಗಳು ಡಾಕ್ಟರು ನನ್ನ ಬಿಪಿ ಗುಳಿಗೆ ಬದಲಿಸಿದ್ದರು. ಗುಳಿಗೆಯಿಂದ ಬಾಯಿರುಚಿ ಕೆಡುವುದುಂಟು. ಹೊರಗೆ ಬಂದು ಹೆಂಡತಿಗೆ ಫೋನು ಮಾಡಿ, ಈಚೆಗೆ ನನ್ನ ನಾಲಿಗೆ ಹೇಗಿದೆ ಎಂದು ಕೇಳಿದೆ.

“ನಿಮ್ಮ ನಾಲಿಗಿ ನನಗೇನ ಗೊತ್ರಿ! ಮನ್ಯಾಗ ಹಾಗಲಕಾಯಿ ಪಲ್ಯಾ ಸಪ್ಪಗಾಗೇತಿ ಅಂತ ಮೊನ್ನೆ ಮುಖಾ ತಿರುವಿದ್ರಿ. ಅಲ್ಲಿ ಹೋಗಿ ಮಂದಿ ಬೀರು ಕಹಿ ಅಂತೀರಿ. ಮುಂಜಾನೆದ್ದು ಮೊದಲ ಗುಳಿಗಿ ತಗೋರಿ” ಅಂದಳು.

ಹಾಗಲಕಾಯಿಯೇ ಸಪ್ಪೆ ಎನಿಸಿದವನಿಗೆ ಬಿಯರು ಕಹಿ ಎನಿಸಬೇಕಾದರೆ ಏನರ್ಥ? ಗುಳಿಗೆಯ ಮೇಲೆ ತಪ್ಪು ಹೊರಿಸಲೂ ಬರಲಿಲ್ಲ. ನಾನು ಒಂದು ಬಾಟಲಿ ಮೂರನೆಯ ಏಲ್ ಚೀಲದಲ್ಲಿಟ್ಟುಕೊಂಡು ಮರುದಿನ ಬಸ್ಸು ಹತ್ತಿದೆ. ನಿಫಾಡ, ಯೇವಲಾ, ವೈಜಾಪುರ, ದಾರಿಯುದ್ದಕ್ಕೂ ಇದೇ ಯೋಚನೆ.

ಔರಂಗಾಬಾದಿನಲ್ಲಿ ಸಾಹೇಬರ ಅನುಮತಿ ಪಡೆದು ಅದರ ಕಹಿಯನ್ನು ಯಂತ್ರದಲ್ಲಿ ಅಳೆದೆ. ಬಿಯರಿಗೆ ಆಮ್ಲ ಹಾಕಿ, ದ್ರಾವಕದಲ್ಲಿ ಕುಲುಕಿ ಕಹಿ ಅಂಶವನ್ನು ಬಿಡಿಸಿಕೊಂಡು, ಬೆಳಕು ಹಾಯಿಸಿ ಓದುವ ಪದ್ಧತಿ. ನಮ್ಮ ಲಾಗರಿನ ಎಷ್ಟೋ ಪಟ್ಟು ಬಂತು. ನಂಬಿಕೆಯಾಗದೆ ಎರಡನೆಯ ಸಲ ಮಾಡಿದೆ. ಅಷ್ಟೇ ಬಂತು. ಅಂದರೆ ಕಹಿ ಇರುವುದು ಖರೆ. ಹಾಗಾದರೆ ಆ ಮೂವರ ಬಾಯಿಯೊಳಗೆ ಅದು ಎಲ್ಲಿಗೆ ಹೋಗುತ್ತದೆ?

ನಮ್ಮ ಲ್ಯಾಬಿನವರಿಗೂ ಒಂದೊಂದು ಗುಟುಕು ಕೊಟ್ಟೆ. ಎಲ್ಲರೂ ಮುಖ ಕಿವುಚಿದರು. ಆದರೆ ಆ ಸಾಕ್ಷಿಗೆ ಬೆಲೆಯಿರಲಿಲ್ಲ. ಲಾಗರಿನವರಿಗೆ ಬಣ್ಣ ಕಂಡರೆ ಅನುಮಾನ, ಹಣ್ಣಿನ ವಾಸನೆ ಬಂದರೆ ಅದು ರೋಗ. ನನ್ನದೂ ಅದೇ ತಾಲೀಮು. ಆಂಬರ್ ಏಲಿಗೆ ಎಷ್ಟು ಕಹಿ ಹಿತ, ಎಷ್ಟು ಅತಿ ಅಂತ ತೀರ್ಪು ಕೊಡಲು ನಾನ್ಯಾರು? ಹುಟ್ಟಿದಾಗಿನಿಂದ ಬರೀ ಅನ್ನ ಉಂಡವನು ರೊಟ್ಟಿ ಸರಿಯಿದೆಯೋ ಇಲ್ಲವೋ ಹೇಳಲು ಹೊರಟ ಹಾಗಿತ್ತು. ಸಿಟ್ಟೂ ಬಂತು. ಗೆಳೆಯರಿಗೆ ಫೋನು ಮಾಡಿ ‘ನನಗ ತಿಳಿವಲ್ದು, ಬ್ಯಾರೆಯವರನ್ನ ಕೇಳ್ರಿ’ ಅಂತ ಹೇಳಿಬಿಡೋಣ ಅಂದುಕೊಂಡೆ. ಆದರೆ ಹುಡುಗಿ ತನ್ನ ನಾಲಿಗೆಯೇ ಹಾಳಾಗಿದೆಯೇನೋ ಎಂದು ಕೇಳಿದ ಮುಖ ಕಣ್ಣಿಗೆ ಕಟ್ಟಿತ್ತು. ಮುಂದಿನ ರಜೆಗೆ ಮತ್ತೆ ನಾಶಿಕಕ್ಕೆ ಹೊರಟೆ.

ಈ ಸಲ ಬಿಯರನ್ನಲ್ಲ, ರುಚಿ ನೋಡುವವರನ್ನೇ ಪರೀಕ್ಷಿಸಬೇಕೆಂದಿದ್ದೆ. ಪ್ರತಿಯೊಬ್ಬರ ಮುಂದೆ ಮೂರು ಗ್ಲಾಸು. ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಅದಕ್ಕೇ ಹಾಪ್ಸಿನ ಸಾರ ಒಂದಿಷ್ಟು ಹೆಚ್ಚು ಬೆರೆಸಿದ್ದು. ಬೇರೆಯದು ಯಾವುದು ಅಂತ ಹುಡುಕಬೇಕು. ನನಗಂತೂ ಮೊದಲ ಗುಟುಕಿಗೇ ಗೊತ್ತಾಗುವಷ್ಟು ಬೆರೆಸಿದ್ದೆ.

ಇಬ್ಬರು ಶಿಷ್ಯರು ತಪ್ಪು ಗ್ಲಾಸು ತೋರಿಸಿದರು. ಮಾಳಕರಿಗಳು ಅಡ್ಡಗೋಡೆಯ ಆಚೆಯಿಂದ ಮರಾಠಿಯಲ್ಲಿ ಹೇಳಿದರು, “ಮೂರೂ ಒಂದೇ ಸಾಹೇಬರೇ. ಆದರೆ ನಡುವಿನ ಗ್ಲಾಸನ್ನು ಬೇರೆ ಸೋಪಿನಲ್ಲಿ ತೊಳೆದಿದ್ದಾರೆ.”

ಹುಡುಗಿ ಓಡಿಹೋಗಿ ವಿಚಾರಿಸಿಕೊಂಡು ಬಂದಳು. ಖರೆ. ಸೋಪು ಮುಗಿದು ಒಂದು ಗ್ಲಾಸಿಗೆ ಬೇರೆ ಪುಡಿ ಹಾಕಿದ್ದರಂತೆ. ನಾನು ತಲೆ ಹಿಡಿದುಕೊಂಡೆ. ಸೋಪಿನ ವಾಸನೆ ಹಿಡಿಯುವ ಮನುಷ್ಯನಿಗೆ ಆ ರಾಶಿ ಕಹಿ ಹತ್ತುವುದಿಲ್ಲ! ಇವರು ದಡ್ಡರು ಅನ್ನುವ ಹಾಗೂ ಇಲ್ಲ, ಜಾಣರು ಅನ್ನುವ ಹಾಗೂ ಇಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಲೋಡ್ ಶೆಡ್ಡಿಂಗ್. ಕೋಣೆ ಕತ್ತಲು, ಸೆಕೆ. ಗ್ಲಾಸುಗಳನ್ನು ಟ್ರೇಯಲ್ಲಿಟ್ಟುಕೊಂಡು ಎಲ್ಲರೂ ಹೊರಗಿನ ಕಟ್ಟೆಗೆ ಬಂದೆವು. ಪದ್ಧತಿ ಮುರಿದು ಹೋಯಿತು, ಇನ್ನು ಪರೀಕ್ಷೆ ಬೇಡ, ಸುಮ್ಮನೆ ಮಾತಾಡುತ್ತ ನೋಡೋಣ ಅಂದೆ. ದ್ರಾಕ್ಷಿ ತೋಟದ ಕಡೆಯಿಂದ ಗಾಳಿ ಬೀಸುತ್ತಿತ್ತು.

ಮಾಳಕರಿಗಳು ಗ್ಲಾಸು ಎತ್ತಿದರು. ತಿರುವಿದರು, ಮೂಸಿದರು, ಒಂದು ಗುಟುಕು ಬಾಯಿಗೆ ಹಾಕಿ ಸುರ್ ಎಂದು ಗಾಳಿ ಎಳೆದುಕೊಂಡು ಆ ಕಡೆ ಈ ಕಡೆ ಆಡಿಸಿ, ಕಟ್ಟೆಯ ಕೆಳಗಿನ ಬಕೆಟ್ಟಿಗೆ ಪಿಚಕ್ಕೆಂದು ಉಗುಳಿದರು. ತಕ್ಷಣ ತಾಮ್ರದ ಚೊಂಬಿನ ನೀರು ಬಾಯಿಗೆ ಹಾಕಿ ಮುಕ್ಕಳಿಸಿ ಅದನ್ನೂ ಉಗುಳಿದರು. ಶಿಷ್ಯರಿಬ್ಬರೂ ಹಾಗೇ ಮಾಡಿದರು. ಉಗುಳು, ಮುಕ್ಕಳಿಸು, ಉಗುಳು.

ನಾನು ನನ್ನ ಗುಟುಕು ನುಂಗುತ್ತ ನೋಡುತ್ತಿದ್ದೆ. ಅವರೂ ನನ್ನನ್ನೇ ನೋಡುತ್ತಿದ್ದರು.

“ತುಮ್ಹೀ ಗಿಳತಾ?” ಅಂದರು ಮಾಳಕರಿಗಳು, ಕಣ್ಣು ಅರಳಿಸಿ. ನುಂಗುತ್ತೀರಾ ಅಂತ. ಪರೀಕ್ಷೆಗೆಂದು ಬಂದವನು ಕುಡಿಯುತ್ತ ಕೂತಿದ್ದಾನಲ್ಲ ಅನ್ನುವ ಧಾಟಿ. ಹೋದ ಸಲವೇ ನನ್ನ ಬೇಸಿನ್ನು ಒಣಗಿದ್ದು ಕಂಡು ಶಿಷ್ಯರು ‘ಔರಂಗಾಬಾದಿನ ಕಾಕಾ ಪಕ್ಕಾ ಬೇವಡಾ’, ಅಂದರೆ ಕುಡುಕ, ಅಂತ ಮಾತಾಡಿಕೊಂಡಿದ್ದರಂತೆ.

“ಅಯ್ಯೋ ದೇವರ, ನೀವು ಉಗುಳ್ತೀರೇನ್ರಿ?” ಅಂದೆ ನಾನು. ಕನ್ನಡದಲ್ಲೇ ಬಂತು ಬಾಯಿಂದ.

ವೈನಿನವರು ಉಗುಳುತ್ತಾರೆ, ಅದು ಅವರ ಪದ್ಧತಿ. ಬಿಯರಿನವರು ನುಂಗಲೇಬೇಕು. ಹಾಪ್ಸಿನ ಕಹಿ ನಾಲಿಗೆಗೆ ಮೊದಲು ಬರೀ ಸುಳಿವು ಕೊಡುತ್ತದೆ. ಪೂರ್ತಿ ಎದ್ದು ಬರುವುದು ಗಂಟಲು ದಾಟಿ ಇಳಿದ ಮೇಲೆ, ನಿಧಾನವಾಗಿ. ಇವರು ಅದು ಏಳುವ ಮೊದಲೇ ಉಗುಳಿ, ನೀರು ಹಾಕಿ ತೊಳೆದುಬಿಡುತ್ತಿದ್ದರು. ಮುಕ್ಕಳಿಸುವುದಂತೂ ವೈನಿನ ಪದ್ಧತಿಯೂ ಅಲ್ಲ, ಮಾಳಕರಿಗಳ ಸ್ವಂತದ್ದು. ವ್ರತಸ್ಥರಾದ್ದರಿಂದ ಬಾಯಲ್ಲಿ ಒಂದು ಹನಿಯೂ ಉಳಿಯಬಾರದು. ಗುರುಗಳು ಮಾಡಿದ್ದನ್ನು ಶಿಷ್ಯರು ಶಾಸ್ತ್ರ ಎಂದುಕೊಂಡು ಕಲಿತಿದ್ದರು. ಅಡ್ಡಗೋಡೆ ಇಲ್ಲದಿದ್ದರೆ ನನಗಿದು ಮೊದಲ ದಿನವೇ ಕಾಣುತ್ತಿತ್ತು.

ನಾನು ಹರಕು ಮುರುಕು ಮರಾಠಿಯಲ್ಲಿ ವಿವರಿಸಿದೆ. ಮಾಳಕರಿಗಳು ಕೊರಳಿನ ಮಾಲೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಒಂದು ಗುಟುಕು ನುಂಗಿ ನೋಡಿ ಅಂತ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವರೇ ಅಂದರು, “ಅದು ನನ್ನಿಂದ ಆಗದು ಸಾಹೇಬರೇ. ವಿಠೋಬನಿಗೆ ಕೊಟ್ಟ ಮಾತು.”

ಟ್ರೇ ಹಿಡಿದು ನಿಂತಿದ್ದ ಹುಡುಗಿಯ ಕಡೆ ತಿರುಗಿದೆ. “ನೀ ಹೆಂಗ ನೋಡ್ತಿ?”

“ಸರ್ ಕಲಿಸಿದಂಗ.”

“ಅಂದ್ರ? ನೀ ಮಾಡಿದ ಬೀರ್ ನೀ ನುಂಗೇ ಇಲ್ಲ?”

“ಇಲ್ಲ ಕಾಕಾ. ಪಪ್ಪಾ ಈ ನೋಕರಿಗೆ ಹೂಂ ಅಂದಿದ್ದs ಆ ಷರತ್ತಿನ ಮ್ಯಾಲೆ. ಮಾಡು, ಕುಡೀಬ್ಯಾಡ ಅಂದಾರ. ನಾ ಶಪ್ಪತ್ ಮಾಡೀನಿ.”

ಸಾರಿಗೆ ಉಪ್ಪು ಹಾಕಿ ಹಾಕಿ, ಬಾಯಿಗೆ ಬಿಟ್ಟುಕೊಳ್ಳದೆ ನೆಂಟರಿಗೆ ಬಡಿಸುತ್ತಿದ್ದಳು ಈ ಹುಡುಗಿ. ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. “ಫೋನ್ ಹಚ್ಚು ನಿಮ್ಮ ಪಪ್ಪಾಗ” ಅಂದೆ.

ಅವಳು ಹಚ್ಚಿದಳು. “ಪಪ್ಪಾ, ನಂಗ ಬೀರ್ ನುಂಗಬೇಕಾಗ್ಯದ... ನಾಹಿ, ಮಜಾಕ್ ಅಲ್ಲ...” ಅಂದು ಮುಂದೆ ಕನ್ನಡ ಸಿಗದೆ ಫೋನನ್ನು ನನ್ನ ಕೈಗಿಟ್ಟಳು. ನಾನು ಎಲ್ಲ ಹೇಳಿದೆ.

“ಒಂದ ಗುಟುಕು ಸಾಕೇನ್ರಿ?” ಅಂದರು ಗೆಳೆಯರು.

“ಎರಡು ಬೇಕಾಗ್ತಾವ್ರಿ. ಈಗಿನದೊಂದು, ಮೊದಲ ಮಾಡಿದ್ದೊಂದು. ಮುಂದ ದಿನಾ ಬೇಕಾಗ್ತಾವ. ಸುಳ್ಳ್ಯಾಕ ಹೇಳ್ಲಿ.”

“ಅಲ್ರಿ... ಉಪ್ಪು ನೋಡದ ಅಡಗಿ ಮಾಡು ಅಂತ ನಾನs ಹೇಳಿದಂಗಾತಲ್ರಿ ಹಂಗಾದ್ರ” ಅಂದರು. ದನಿ ಸಣ್ಣಗಾಗಿತ್ತು. “ಆಕೀಗೆ ಹೇಳ್ರಿ. ನುಂಗಲಿ. ನಾ ಏನೂ ಅನ್ಕೊಳ್ಳೂದಿಲ್ಲ ಅಂತ ಹೇಳ್ರಿ.”

ಮಾಳಕರಿಗಳಿಗೆ ಕನ್ನಡ ಬಾರದಿದ್ದರೂ ನಡೆದದ್ದು ತಿಳಿದಿತ್ತು. “ತಗೋ ಬೇಟಾ. ನನ್ನ ಮಾಲೆ ನಿನ್ನ ಕೊರಳಲ್ಲಿಲ್ಲ” ಅಂದರು.

ಅವಳು ಮೂರನೆಯ ಏಲನ್ನು ಬಾಯಿಗೆ ಹಾಕಿಕೊಂಡಳು. ಅಭ್ಯಾಸಬಲದಿಂದ ಬಕೆಟ್ಟಿನ ಕಡೆ ಬಗ್ಗಿದಳು, ತಡೆದಳು, ಕಣ್ಣು ಮುಚ್ಚಿ ನುಂಗಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಮುಖ ನಿಧಾನಕ್ಕೆ ಕುಗ್ಗುತ್ತ ಬಂತು.

“ಆಯೀ ಗ! ಇದನ್ನ ನಾ ಮಂದಿಗೆ ಕಳಸಾಕ ಹೊಂಟಿದ್ದೆ?”

ಪ್ರತಿ ಸಲದ ಕೆಲವು ಬಾಟಲಿಗಳನ್ನು ನಮೂನೆಗೆಂದು ತಂಪಿನಲ್ಲಿ ಎತ್ತಿಡುವ ರೂಢಿ ಅಲ್ಲೂ ಇತ್ತು. ಮೊದಲನೆಯದರ ಒಂದು ಬಾಟಲಿ ತಂದಳು. ಬಿಸ್ಕಿಟು ಮತ್ತೊಂದಿಷ್ಟು ನೀರು ಆದ ಮೇಲೆ ಒಂದು ಗುಟುಕು ನುಂಗಿದಳು. ಕೂತಳು. ಇನ್ನೊಂದು ಗುಟುಕು ನುಂಗಿದಳು. ನಾನೂ ನುಂಗಿದೆ. ಹಳತಾಗಿ ಸ್ವಲ್ಪ ಮಂಕಾಗಿತ್ತು, ಆದರೆ ಕಾಕಂಬಿಯ ಸಿಹಿ ಬಂದು, ಕಹಿ ಅದರ ಕೈಹಿಡಿದು, ಎರಡೂ ಕೂಡಿ ಇಳಿದು ಹೋಗುತ್ತಿದ್ದವು. ಲಾಗರಿನವನಾದ ನನಗೆ ಅದು ಇಷ್ಟವಾಯಿತೋ ಇಲ್ಲವೋ ಇವತ್ತಿಗೂ ಹೇಳಲಾರೆ. ಅವಳಿಗೆ ಮಾತ್ರ ಯಾವ ಗೊಂದಲವೂ ಉಳಿದಿರಲಿಲ್ಲ.

“ಛಲೋ ಇತ್ತಲ್ರಿ ಕಾಕಾ ಇದು” ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. “ಇಷ್ಟು ಛಲೋ ಇದ್ದದ್ದನ್ನ ನನ್ನ ಕೈಲೇನs ಮೋರಿಗೆ ಬಿಟ್ಟೆ.”

ಮಾಳಕರಿಗಳು ತಲೆ ತಗ್ಗಿಸಿದರು.

ಸಂಜೆಯಾಗುವ ಮೊದಲೇ ಮಾಲೀಕರು ತೀರ್ಪು ಕೇಳಲು ಬಂದರು. ನೇರ ನನ್ನ ಮುಂದೆ ನಿಂತು, “ಹೇಳಿ ಸಾಹೇಬರೇ, ಪಾಸೋ ಫೇಲೋ?” ಅಂದರು. ಬಸ್ಸಿನಲ್ಲಿ ಬರುತ್ತ ನಾನು ಏನೇನೋ ಮಾತು ಜೋಡಿಸಿಕೊಂಡಿದ್ದೆ. ಅವೆಲ್ಲ ಬೇಡ ಅನಿಸಿತು. ತೀರ್ಪು ನನ್ನದಲ್ಲ, ಮಾಡಿದವಳನ್ನು ಕೇಳಿ ಅಂದೆ.

ಅವರಿಗೆ ರೇಗಿತು. ಅಷ್ಟು ದೂರದಿಂದ ಬಂದು ಹೇಳುವ ಮಾತಾ ಇದು ಎಂದು ಗೊಣಗಿ ಮಾಳಕರಿಗಳ ಕಡೆ ತಿರುಗಿದರು. ಅವರು ಎದ್ದು ನಿಂತು ಟೋಪಿ ಸರಿಮಾಡಿಕೊಂಡರು. “ಧಣೀ, ನಾನು ಈ ಬಿಯರಿನ ರುಚಿ ನೋಡಿಯೇ ಇಲ್ಲ. ಮೂಸಿ ನೋಡಿದ್ದೇನೆ, ಅಷ್ಟೇ. ಮೊದಲನೆಯದನ್ನು ಚೆಲ್ಲಿಸಿದ್ದು ನನ್ನ ತಪ್ಪು.”

ಮಾಲೀಕರು ಏನೂ ಅರ್ಥವಾಗದೆ ಮೂವರ ಮುಖವನ್ನೂ ನೋಡಿದರು. ಹುಡುಗಿ ಮುಂದೆ ಬಂದಳು. ಹೆದರಿದ್ದಳು, ಆದರೆ ಮಾತು ತಡವರಿಸಲಿಲ್ಲ. ಮರಾಠಿಯಲ್ಲಿ ಹೇಳಿದಳು, “ಫೇಲ್ ಸರ್. ಕುಡಿಯೋಕಾಗದಷ್ಟು ಕಹಿ. ಟ್ಯಾಂಕು ಖಾಲಿ ಮಾಡುತ್ತೇನೆ. ಮೊದಲು ಮಾಡಿದ್ದನ್ನೇ ಮತ್ತೆ ಮಾಡುತ್ತೇನೆ, ಒಂದು ಸಲ ಬಿಡಿ.”

“ಇದೇ ಕೊನೇದು ಅಂದಿದ್ದೆ ನಾನು.”

“ಹೌದು ಸರ್. ಆದರೆ ಇಲ್ಲಿಯವರೆಗೆ ಮಾಡಿದ್ದನ್ನೆಲ್ಲ ನಾನು ಕುರುಡಾಗಿ ಮಾಡಿದ್ದೆ.”

ಮಾಲೀಕರು ಕಟ್ಟೆಯ ಮೇಲಿದ್ದ ಎರಡು ಗ್ಲಾಸುಗಳನ್ನು ನೋಡಿದರು. ಒಂದನ್ನು ಕುಡಿದರು, ಮುಖ ಹಿಂಡಿದರು. ಇನ್ನೊಂದನ್ನು ಕುಡಿದು ಗ್ಲಾಸು ಕೆಳಗಿಡಲು ಮರೆತು ನಿಂತರು. ಕಡೆಗೆ, “ಮಾಡು. ಆದರೆ ತಂಡದವರು ಪಾಸ್ ಮಾಡಬೇಕು” ಅಂದರು.

“ವಾಸನೆ ಸರ್ ನೋಡಲಿ” ಅಂದಳು ಅವಳು, ಮಾಳಕರಿಗಳ ಕಡೆ ತಿರುಗಿ. “ನುಂಗುವುದು ನಾನು.”